ಕಾಫಿಗಿಂತ ಅರ್ಧ ಗಂಟೆ ಮೊದಲು

ಮುಂಬೈನ ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ಬರುವ ಉಡುಪಿ ಕಡೆಯ ಹಿರಿಯರೊಬ್ಬರು ಬಹಳ ವರ್ಷ ಹೋಟೆಲ್ ನಡೆಸಿದವರು. "ಇಷ್ಟು ದುಬಾರಿ ಮಾತ್ರೆ ಡಾಕ್ಟ್ರೇ, ಮೂರು ತಿಂಗಳಾಯ್ತು, ಶುಗರ್ ಇಳಿಯೋದೇ ಇಲ್ಲ" ಎಂದರು. ಹೇಗೆ ನುಂಗ್ತೀರಿ ಎಂದು ಕೇಳಿದೆ. ಬೆಳಿಗ್ಗೆ ಎದ್ದ ಕೂಡಲೇ, ಫಿಲ್ಟರ್ ಕಾಫಿಯ ಮೊದಲ ಗುಟುಕಿನ ಜೊತೆ.

ಅವರ ಮಾತ್ರೆ ಸೆಮಾಗ್ಲುಟೈಡ್. ಅದೊಂದು ಪೆಪ್ಟೈಡ್, ಅಂದರೆ ಅಮೈನೊ ಆಮ್ಲಗಳನ್ನು ಪೋಣಿಸಿದ ಗಿಡ್ಡ ಸರ. ಇದರಲ್ಲಿ 31 ಮಣಿ. ಉದ್ದಿನಬೇಳೆಯ ಪ್ರೋಟೀನ್ ಇಂಥದೇ ಮಣಿಗಳ ಉದ್ದ ಸರ. ಹೊಟ್ಟೆಗೆ ಎರಡೂ ಒಂದೇ, ಕತ್ತರಿಸಿ ಹಾಕುತ್ತದೆ.

ರಕ್ತದಲ್ಲೂ ಕತ್ತರಿ ಕಾದಿರುತ್ತದೆ. ಊಟವಾದ ಮೇಲೆ ನಮ್ಮ ಕರುಳೇ ಸ್ರವಿಸುವ ಜಿಎಲ್‌ಪಿ-1 ಹಾರ್ಮೋನು ಇನ್ಸುಲಿನ್ ಹೊರಡಿಸುತ್ತದೆ, ಹಸಿವು ತಗ್ಗಿಸುತ್ತದೆ. ಸೆಮಾಗ್ಲುಟೈಡ್ ಇದನ್ನೇ ತಿದ್ದಿ ಮಾಡಿದ ಔಷಧ. ಆದರೆ ಹಾರ್ಮೋನಿನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಸುಮಾರು 2 ನಿಮಿಷ. ಡಿಪಿಪಿ-4 ಎಂಬ ಕಿಣ್ವ ಎರಡನೇ ಮಣಿಯ ಪಕ್ಕದಲ್ಲೇ ಕತ್ತರಿಸುತ್ತದೆ. ಆ ಮಣಿ ಅಲನಿನ್. ರಸಾಯನಶಾಸ್ತ್ರಜ್ಞರು ಅದರ ಒಂದು ಹೈಡ್ರೋಜನ್ ತೆಗೆದು ಮೀಥೈಲ್ ಗುಂಪು ಕೂರಿಸಿದರು. ಅಷ್ಟಕ್ಕೇ ಕಿಣ್ವದ ಹಿಡಿತ ತಪ್ಪಿತು. ಇನ್ನೊಂದೆಡೆ 18 ಇಂಗಾಲಗಳ ಕೊಬ್ಬಿನಾಮ್ಲದ ಬಾಲ ಕಟ್ಟಿದರು. ಆ ಬಾಲ ರಕ್ತದ ಪ್ರೋಟೀನಾದ ಆಲ್ಬುಮಿನ್‌ಗೆ ಅಂಟಿಕೊಳ್ಳುವುದರಿಂದ ಔಷಧ ಮೂತ್ರಪಿಂಡದಲ್ಲಿ ಸೋರಿಹೋಗುವುದಿಲ್ಲ. ಅರ್ಧಾಯುಷ್ಯ ಸುಮಾರು ಒಂದು ವಾರಕ್ಕೆ ಏರಿತು. ಇಷ್ಟು ಚೊಕ್ಕ ಕೆಲಸ ನೋಡಿದಾಗೆಲ್ಲ ನನಗೆ ಖುಷಿಯಾಗುತ್ತದೆ.

ಇಷ್ಟಾದರೂ ಹೊಟ್ಟೆ ದಾಟುವುದು ಸುಲಭವಲ್ಲ. ಅದಕ್ಕೇ ಮಾತ್ರೆಯಲ್ಲಿ ಸ್ನ್ಯಾಕ್ (SNAC) ಎಂಬ ಜೊತೆಗಾರ ಇದೆ, 300 ಮಿಲಿಗ್ರಾಂ. ಮಾತ್ರೆ ಜಠರದಲ್ಲಿ ಕರಗುವಾಗ ಅದು ಆಸುಪಾಸಿನ ಆಮ್ಲವನ್ನಷ್ಟೇ ತಗ್ಗಿಸಿ, ಪೆಪ್ಟೈಡ್ ಜಠರದ ಗೋಡೆ ದಾಟಲು ದಾರಿ ಮಾಡುತ್ತದೆ. ಆಗಲೂ ನೂರರಲ್ಲಿ ಒಂದು ಪಾಲು ರಕ್ತ ಸೇರಿದರೆ ಹೆಚ್ಚು. ಇಂಜೆಕ್ಷನ್ನಿನಲ್ಲಿ ವಾರಕ್ಕೆ ಅರ್ಧ ಮಿಲಿಗ್ರಾಂ ಮಾಡುವ ಕೆಲಸಕ್ಕೆ ಮಾತ್ರೆಯಲ್ಲಿ ದಿನಕ್ಕೆ 14 ಮಿಲಿಗ್ರಾಂ ಬೇಕು. ಒಂದು ಲೋಟ ಕಾಫಿ ಬಿದ್ದರೆ ಆ ಒಂದು ಪಾಲೂ ಕೊಚ್ಚಿಹೋಗುತ್ತದೆ.

ಬರೀ ಹೊಟ್ಟೆ, ಹೆಚ್ಚೆಂದರೆ ಅರ್ಧ ಲೋಟ ಬರೀ ನೀರು, ಅಂದರೆ 120 ಮಿಲಿಲೀಟರ್. ಆಮೇಲೆ 30 ನಿಮಿಷ ಏನೂ ಇಲ್ಲ, ಬೇರೆ ಮಾತ್ರೆಯೂ ಇಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ಇದೆಲ್ಲ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿದೆ. ನಾನು ದೊಡ್ಡದಾಗಿ ಕನ್ನಡದಲ್ಲಿ ಬರೆದುಕೊಟ್ಟೆ. ಈಗ ಅವರು ಮೊದಲು ಮಾತ್ರೆ ನುಂಗಿ, ಆಮೇಲೆ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿಯುತ್ತಾರಂತೆ. ಡಿಕಾಕ್ಷನ್ ಪೂರ್ತಿ ಇಳಿಯುವ ಹೊತ್ತಿಗೆ ಅರ್ಧ ಗಂಟೆ ಆಗಿರುತ್ತದೆ.