ಹಗ್ಗವನ್ನು ಕಡಲಿಗೆ ಒಯ್ಯುವ ಊರು: ತೈವಾನಿನ ದೆವ್ವದ ಸಿನಿಮಾಗಳು ಬಂದ ದಾರಿ

ತೈವಾನಿನ ಪಶ್ಚಿಮ ಕರಾವಳಿಯಲ್ಲಿ ಚಾಂಗ್‌ಹ್ವಾ ಎಂಬ ಸೀಮೆ ಇದೆ. ಅಲ್ಲಿನ ಕಡಲಂಚಿನ ಊರುಗಳಲ್ಲಿ ಯಾರಾದರೂ ನೇಣು ಹಾಕಿಕೊಂಡು ಸತ್ತರೆ, ಅವರ ಸಂಕಟ ಆ ಹಗ್ಗದಲ್ಲೇ ಉಳಿಯುತ್ತದೆ, ಇನ್ನೊಬ್ಬರನ್ನು ಎಳೆಯುತ್ತದೆ ಎಂಬ ನಂಬಿಕೆ. ಅದಕ್ಕೇ ರಾತ್ರಿ ಹೊತ್ತು ಮೆರವಣಿಗೆ ಹೊರಟು ಹಗ್ಗವನ್ನು ದಡಕ್ಕೆ ಒಯ್ದು ಸುಡುತ್ತಾರೆ. ದಾರಿಯ ಮನೆಗಳಿಗೆ ಮೊದಲೇ ಸುದ್ದಿ ಹೋಗಿರುತ್ತದೆ. ಕಿಟಕಿ, ಬಾಗಿಲು ಹಾಕಿಕೊಳ್ಳಬೇಕು, ಇಣುಕಬಾರದು. ಗಲ್ಲಿಯ ಬಾಯಲ್ಲಿ ಮಂತ್ರದ ಚೀಟಿ ಅಂಟಿಸಿರುತ್ತಾರೆ. ಗೊತ್ತಿಲ್ಲದೆ ಯಾರಾದರೂ ಎದುರಾದರೆ ಅವರು ತಿರುಗಿ ಹೋಗುವಂತಿಲ್ಲ. ಕೊನೆಯವರೆಗೂ ಜೊತೆಗೇ ನಡೆಯಬೇಕು.

ಜನ ಇದನ್ನು ಕರೆಯುವುದು 'ಮಾಂಸದ ಕಡುಬು ಕಳಿಸುವುದು' ಅಂತ. ಎಲೆಯಲ್ಲಿ ಸುತ್ತಿ, ದಾರ ಕಟ್ಟಿ ತೂಗುಹಾಕುವ ಅಕ್ಕಿ ಕಡುಬು ಅವರದು. ಸಾವಿನ ಮಾತನ್ನು ನೇರವಾಗಿ ಆಡಬಾರದು. ನಮ್ಮಲ್ಲಿ ರಾತ್ರಿ ಹಾವನ್ನು ಹುಳ ಅನ್ನುತ್ತಾರೆ ಅಲ್ವಾ, ಹಾಗೆ. 2018ರ 'ದಿ ರೋಪ್ ಕರ್ಸ್' ಎಂಬ ದೆವ್ವದ ಸಿನಿಮಾ ಹುಟ್ಟಿದ್ದು ಈ ಆಚರಣೆಯಿಂದಲೇ.

ಇಂಥ ಊರಿನ ಭಯ ಪರದೆಗೆ ಬರಲು ತುಂಬ ವರ್ಷ ಹಿಡಿಯಿತು. 1949ರಿಂದ 1987ರವರೆಗೆ ತೈವಾನಿನಲ್ಲಿ ಮಿಲಿಟರಿ ಕಾನೂನು ಇತ್ತು. ಶಾಲೆಯಲ್ಲಿ ಮಕ್ಕಳು ಊರಿನ ಮಾತಾದ ತೈವಾನಿ ಭಾಷೆ ಆಡಿದರೆ ಶಿಕ್ಷೆ. ದೆವ್ವದ ಸಿನಿಮಾಗಳು ಆಗಲೂ ಇದ್ದವು. 1970ರ ದಶಕದಲ್ಲಿ ಯಾವೊ ಫೆಂಗ್-ಪಾನ್ ಅವರ ಚಿತ್ರಗಳಿಗೆ ಜನ ಮುಗಿಬೀಳುತ್ತಿದ್ದರು. ಆದರೆ ಅಲ್ಲಿನ ದೆವ್ವಗಳು ಹೆಚ್ಚಾಗಿ ಹಳೆಯ ಚೀನಾದ ಉಡುಪಿನಲ್ಲೇ ಇರುತ್ತಿದ್ದವು. 2002ರಲ್ಲಿ ಚೆನ್ ಕುವೊ-ಫು ಅವರ 'ಡಬಲ್ ವಿಷನ್' ಬಂತು. ಹಾಲಿವುಡ್ ದುಡ್ಡು, ತೈಪೆಯ ಪೊಲೀಸ್, ಜೊತೆಗೊಬ್ಬ ಅಮೆರಿಕದ ಎಫ್‌ಬಿಐ ಅಧಿಕಾರಿ. ಚಿತ್ರ ನನಗೆ ಇಷ್ಟ. ಆದರೂ ಆ ಅಧಿಕಾರಿಗೆ ಚೀನಾ ಮೂಲದ ತಾವೊ ಧರ್ಮವನ್ನು ಬಿಡಿಸಿ ಹೇಳುವಾಗೆಲ್ಲ ಕಥೆ ತನ್ನವರನ್ನು ಬಿಟ್ಟು ಹೊರಗಿನವರ ಜೊತೆ ಮಾತಿಗಿಳಿದಂತೆ ಅನಿಸುತ್ತದೆ.

2015ರ 'ದಿ ಟ್ಯಾಗ್-ಅಲಾಂಗ್' ಯಾರಿಗೂ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. 1990ರ ದಶಕದ ಕೊನೆಯಲ್ಲಿ ಒಂದು ವಿಡಿಯೊ ಟಿವಿಯಲ್ಲಿ ಬಂದಿತ್ತು. ತೈಚುಂಗ್ ಪಕ್ಕದ ಗುಡ್ಡ ಹತ್ತುತ್ತಿರುವ ಒಂದು ಕುಟುಂಬ, ಸಾಲಿನ ಕೊನೆಯಲ್ಲಿ ಯಾರಿಗೂ ಗೊತ್ತಿಲ್ಲದ ಕೆಂಪು ಬಟ್ಟೆಯ ಹುಡುಗಿ. ನೋಡಿದವರು ಮರೆಯಲಿಲ್ಲ. ನಿರ್ದೇಶಕ ಚೆಂಗ್ ವೀ-ಹಾವ್ ಆ ಹುಡುಗಿಯನ್ನು 'ಮೋ-ಸಿನ್-ಆ' ಎಂಬ ಕಾಡಿನ ಪೀಡೆಯ ಕಥೆಗೆ ಜೋಡಿಸಿದರು. ಅದು ವಯಸ್ಸಾದವರನ್ನು, ಮಕ್ಕಳನ್ನು ದಾರಿ ತಪ್ಪಿಸಿ ಕರೆದೊಯ್ಯುತ್ತದಂತೆ, ಹಬ್ಬದೂಟ ಬಡಿಸುತ್ತದಂತೆ. ಆಮೇಲೆ ಸಿಕ್ಕವರ ಬಾಯಲ್ಲಿ ನೋಡಿದರೆ ಮಣ್ಣು, ಮಿಡತೆಯ ಕಾಲು. ಅಜ್ಜಿಯರ ಬಾಯಿಂದ ಇದನ್ನು ಕೇಳಿ ಬೆಳೆದವರಿಗೆ ಸಿನಿಮಾ ಜಾಸ್ತಿ ಏನೂ ಹೇಳಬೇಕಿರಲಿಲ್ಲ.

ನನ್ನ ಮನಸ್ಸಲ್ಲಿ ಉಳಿದದ್ದು ಮಾತ್ರ ಜಾನ್ ಶು ಅವರ 'ಡಿಟೆನ್ಶನ್'. 2017ರ ಒಂದು ವಿಡಿಯೊ ಗೇಮ್ ಆಧರಿಸಿ 2019ರಲ್ಲಿ ಬಂದದ್ದು. ಕಥೆ ನಡೆಯುವುದು 1962ರಲ್ಲಿ, ಒಂದು ಶಾಲೆಯಲ್ಲಿ. ನಿಷೇಧಿತ ಪುಸ್ತಕಗಳನ್ನು ಮೇಷ್ಟ್ರು, ಮಕ್ಕಳು ಕದ್ದು ಕೂತು ಓದುತ್ತಾರೆ. ಒಬ್ಬ ಹುಡುಗಿಯಿಂದ ಅದು ಹೊರಗೆ ಗೊತ್ತಾಗುತ್ತದೆ. ಅವಳು ಸತ್ತ ಮೇಲೂ ಆ ಶಾಲೆಯಿಂದ ಹೊರಬರಲಾರಳು. ತಾನು ಏನು ಮಾಡಿದೆ ಅನ್ನುವುದೇ ಅವಳಿಗೆ ನೆನಪಿಲ್ಲ. ಅವಳ ಹಗ್ಗವನ್ನು ಕಡಲಿಗೆ ಒಯ್ಯುವವರು ಆ ದೇಶದಲ್ಲಿ ಆಗ ಯಾರಿದ್ದರು?

2022ರ 'ಇನ್‌ಕ್ಯಾಂಟೇಶನ್' ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಮನೆಗಳಿಗೂ ಬಂತು. 2005ರಲ್ಲಿ ಕಾವೊಶುಂಗ್‌ನ ಒಂದು ಕುಟುಂಬದವರು ಮೈಮೇಲೆ ದೇವರು, ದೆವ್ವ ಬಂದಿದೆ ಎಂದು ಒಬ್ಬರನ್ನೊಬ್ಬರು ಹೊಡೆದುಕೊಂಡರು. ಮಗಳೊಬ್ಬಳ ಜೀವವೇ ಹೋಯಿತು. ಸಿನಿಮಾದ ಬೀಜ ಆ ಘಟನೆ. ಸತ್ತ ಹುಡುಗಿ ನಿಜವಾಗಿ ಬದುಕಿದ್ದವಳು ಎಂದು ನೆನಪಾದಾಗ ನನಗೆ ಕಸಿವಿಸಿ ಆಗುತ್ತದೆ. ಆದರೆ ನಿರ್ದೇಶಕ ಕೆವಿನ್ ಕೋ ಅವಳ ಕಥೆಯನ್ನೇ ಚಿತ್ರ ಮಾಡಲಿಲ್ಲ. ಅದರಲ್ಲಿರುವ ದೇವತೆಯೂ ಅವರ ತಂಡ ಕಟ್ಟಿದ್ದು, ಯಾವ ಗುಡಿಯಲ್ಲೂ ಇಲ್ಲ.

ಚಿತ್ರದ ಶುರುವಿನಲ್ಲೇ, ಶಾಪ ತಗುಲಿದ ಮಗುವಿನ ತಾಯಿಯೊಬ್ಬಳು ಕ್ಯಾಮೆರಾ ನೋಡಿ, ನನ್ನ ಮಗಳಿಗಾಗಿ ನೀವೂ ಈ ಮಂತ್ರ ಹೇಳಿ ಅನ್ನುತ್ತಾಳೆ. ಶಾಪವನ್ನು ಹಂಚಿಕೊಂಡಷ್ಟೂ ಮಗಳ ಪಾಲು ಹಗುರವಾಗುತ್ತದೆ ಅಂತ ಗೊತ್ತಾಗುವುದು ಕೊನೆಗೆ. ಅಷ್ಟರಲ್ಲಿ ನಾವು ಮೆರವಣಿಗೆಗೆ ಎದುರಾಗಿ ಆಗಿರುತ್ತದೆ.