‘ಏಳು’ ಎಂಬ ಅಂಕಿಯ ಜಗಳ

ಆಸ್ಟ್ರೊನೇಷ್ಯನ್ ಭಾಷೆಗಳು ಮಡಗಾಸ್ಕರ್‌ನಿಂದ ಈಸ್ಟರ್ ದ್ವೀಪದವರೆಗೆ ಹರಡಿವೆ. ಸಾವಿರಕ್ಕೂ ಜಾಸ್ತಿ ಇವೆ. 1999ರಲ್ಲಿ ಭಾಷಾವಿಜ್ಞಾನಿ ರಾಬರ್ಟ್ ಬ್ಲಸ್ಟ್ ಈ ಕುಟುಂಬವನ್ನು ಹತ್ತು ಕವಲಾಗಿ ಬಿಡಿಸಿದರು. ಅದರಲ್ಲಿ ಒಂಬತ್ತು ಪುಟ್ಟ ತೈವಾನ್‌ನಲ್ಲೇ ಇವೆ. ಹೊರಗೆ ಹರಡಿದ್ದೆಲ್ಲ ಸೇರಿ ಒಂದೇ ಕವಲು. ಕವಲು ಹೆಚ್ಚಿರುವ ಕಡೆಯೇ ಬೇರು ಇರಬೇಕು ಎಂಬ ಲೆಕ್ಕದಲ್ಲಿ, ಬೇರು ಹುಡುಕುವ ನಮ್ಮಂಥವರು ತೈವಾನ್ ಕಡೆಗೆ ಓಡುವುದು ಸುಮ್ನೆ ಅಲ್ಲ.

ನನಗೆ ಜಾಸ್ತಿ ಕುತೂಹಲ ಇರುವುದು ದ್ವೀಪದ ಪಶ್ಚಿಮದ ಭಾಷೆಗಳ ಬಗ್ಗೆ: ಪಜೆಹ್, ಥಾವೊ, ಪಪೋರ, ಹೊವನ್ಯ, ಬಬುಜ.

ಪಜೆಹ್‌ನಲ್ಲಿ ಎರಡಕ್ಕೆ ‘ದುಸ’, ಐದಕ್ಕೆ ‘ಖಸೆಪ್’. ಏಳಕ್ಕೆ ‘ಖಸೆಬಿದುಸ’, ಅಂದರೆ ಐದರ ಮೇಲೆರಡು. ಸನ್ ಮೂನ್ ಸರೋವರದ ದಡದ ಥಾವೊ ಭಾಷೆಯಲ್ಲಿ ಏಳಕ್ಕೆ ‘ಪಿತು’. ಫಿಲಿಪೀನ್ಸ್‌ನ ತಗಾಲೊಗ್‌ನಲ್ಲಿ ‘ಪಿತೊ’, ಮಡಗಾಸ್ಕರ್‌ನಲ್ಲಿ ‘ಫಿತು’. ಇದನ್ನೇ ಹಿಡಿದು ಇನ್ನೊಬ್ಬ ಭಾಷಾವಿಜ್ಞಾನಿ ಲೊರಾಂ ಸಗಾರ್ 2004ರಲ್ಲಿ ಬೇರೆಯೇ ವಂಶವೃಕ್ಷ ಬರೆದರು. ‘ಪಿತು’ ಆಮೇಲೆ ಹುಟ್ಟಿದ್ದು, ಅದಿಲ್ಲದ ಪಜೆಹ್‌ನಂಥವು ಮೊದಲೇ ಬೇರೆಯಾದವು ಎಂಬುದು ಅವರ ವಾದ. ಇಲ್ಲ, ಪಜೆಹ್‌ನವರೇ ಹಳೆಯ ಅಂಕಿ ಬಿಟ್ಟು ಹೊಸದಾಗಿ ಕೂಡಿಸಿಕೊಂಡರು ಎನ್ನುವವರೂ ಇದ್ದಾರೆ. ನಾನು ಈ ಎರಡನೇ ಗುಂಪಿನ ಕಡೆಗೇ ವಾಲುತ್ತೇನೆ. ಅಂಕಿಗಳು ಬದಲಾಗುವುದು ನಾವಂದುಕೊಂಡಷ್ಟು ಅಪರೂಪವಲ್ಲ.

ಜಗಳ ತೀರಬೇಕಾದರೆ ಅಂಕಿ ಸಾಲದು, ವ್ಯಾಕರಣ ಬೇಕು. ಪಪೋರ, ಹೊವನ್ಯದಲ್ಲಿ ನಮಗೆ ಉಳಿದಿರುವುದು ಬಹುಪಾಲು ಪದಪಟ್ಟಿಗಳು. ತೈವಾನ್‌ನ ಈ ಪಶ್ಚಿಮದ ಬಯಲಿಗೆ ಮೊದಲು ಚೀನೀ ರೈತರು ಬಂದರು, 1895ರಿಂದ ಜಪಾನೀ ಆಡಳಿತ, 1945ರ ನಂತರ ಶಾಲೆಯಲ್ಲಿ ಮ್ಯಾಂಡರಿನ್. ಮನೆಮಾತು ಮನೆಯೊಳಗೂ ಉಳಿಯಲಿಲ್ಲ. ಥಾವೊ ಜನರನ್ನಂತೂ ಸರ್ಕಾರ 2001ರವರೆಗೆ ತ್ಸೊವು ಬುಡಕಟ್ಟಿನ ಲೆಕ್ಕಕ್ಕೇ ಸೇರಿಸಿತ್ತು! ಈಗ ಥಾವೊಗೆ ಸಾವಿರಕ್ಕೂ ಹೆಚ್ಚು ಪುಟದ ನಿಘಂಟಿದೆ, ಸಲೀಸಾಗಿ ಮಾತಾಡುವವರು ಬೆರಳೆಣಿಕೆಯ ಹಿರಿಯರು.

ಪಜೆಹ್‌ನ ಕೊನೆಯ ಮಾತುಗಾರ್ತಿ ಎನಿಸಿದ ಪಾನ್ ಜಿನ್-ಯು 2010ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಇಳಿವಯಸ್ಸಿನಲ್ಲೂ ಅವರು ತೈವಾನ್‌ನ ಪುಲಿ ಎಂಬ ಊರಿನಲ್ಲಿ ಪಾಠ ಹೇಳುತ್ತಿದ್ದರು. ಅಲ್ಲಿಗೆ ಪಜೆಹ್ ಮುಗಿಯಿತು ಅಂತ ಪತ್ರಿಕೆಗಳು ಬರೆದವು. ಆದರೆ ಪುಲಿಯ ಆಸುಪಾಸಿನಲ್ಲೇ ಕಹಬು ಮಾತಾಡುವ ಕೆಲವು ಹಿರಿಯರು ಆಗಲೂ ಇದ್ದರು. ಭಾಷಾವಿಜ್ಞಾನಿಗಳು ಕಹಬುವನ್ನು ಪಜೆಹ್‌ನ ಒಂದು ರೂಪ ಎನ್ನುತ್ತಾರೆ. ಹಾಗಾದರೆ ಪಜೆಹ್ 2010ರಲ್ಲಿ ಸತ್ತಿಲ್ಲ ಅಂತಾಯಿತು, ಅಲ್ವಾ? ಕಹಬು ಜನರನ್ನು ಕೇಳಿದರೆ, ತಮ್ಮದು ಬೇರೆ ಭಾಷೆ ಎನ್ನುತ್ತಾರೆ.