ಪದ ಪರಿಚಯ: ಮಾನಭಂಗ

‘ಬಾಲಕಿಯ ಮಾನಭಂಗ, ಇಬ್ಬರ ಸೆರೆ’ ಎಂದು ತಲೆಬರಹ. ಕೆಳಗೆ ಓದುತ್ತ ಹೋದರೆ ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಕಾಯ್ದೆ) ಜೊತೆಗೆ ಅತ್ಯಾಚಾರದ ಕಲಮೂ ಹಾಕಲಾಗಿದೆ ಎಂದಿರುತ್ತದೆ. ಮರುದಿನ ಅದೇ ಪದ ಬಸ್ಸಿನಲ್ಲಿ ಮೈಗೆ ಕೈ ಹಾಕಿದವನ ಸುದ್ದಿಯಲ್ಲಿ. ಅದರ ಮರುದಿನ, ಸುಳ್ಳು ಆರೋಪ ಹೊರಿಸಿದರೆಂದು ಕೋರ್ಟಿಗೆ ಹೊರಟವರೊಬ್ಬರ ಬಾಯಲ್ಲಿ. ಕೊನೆಯದಕ್ಕೆ ಮಾನಹಾನಿ, ಮಾನನಷ್ಟ ಎಂಬ ಬೇರೆ ಮಾತುಗಳೇ ಇವೆ, ಅದನ್ನು ಇಲ್ಲಿಗೇ ಬಿಡೋಣ. ಮೊದಲೆರಡನ್ನು ಬಿಡುವಂತಿಲ್ಲ. ಅಲ್ಲಿ ಪದದ ಹಿಂದೆ ಕಲಂ ಇದೆ, ಕಲಮಿನ ಹಿಂದೆ ಶಿಕ್ಷೆಯ ವರ್ಷಗಳಿವೆ.

ಸಂಸ್ಕೃತದಲ್ಲಿ ‘ಮಾನ’ ಎರಡು. ‘ಮಾ’ ಧಾತುವಿನಿಂದ ಬಂದದ್ದು ಅಳತೆ: ತಾಪಮಾನ, ಕಾಲಮಾನ. ‘ಮನ್’ ಧಾತುವಿನಿಂದ ಬಂದದ್ದು ಎಣಿಕೆ, ಬಗೆಯುವಿಕೆ: ಅಭಿಮಾನ, ಅವಮಾನ, ಸನ್ಮಾನ. ನಮ್ಮ ಪದದಲ್ಲಿರುವುದು ಎರಡನೆಯದು. ಅಂದರೆ ಹುಟ್ಟಿನಲ್ಲಿ ಮಾನ ಮೈಗೆ ಸಂಬಂಧಿಸಿದ ಮಾತೇ ಅಲ್ಲ. ಒಬ್ಬರು ತಮ್ಮನ್ನು ಏನೆಂದು ಬಗೆದಿದ್ದಾರೆ, ಲೋಕ ಅವರನ್ನು ಏನೆಂದು ಬಗೆದಿದೆ ಎಂಬುದಷ್ಟೇ ಅದರ ಅರ್ಥ. ಮಾನಭಂಗ ಎಂದರೆ ಗರ್ವ ಮುರಿಯುವುದು, ತಲೆ ತಗ್ಗುವುದು. ಯುದ್ಧದಲ್ಲಿ ಸೋತ ಅರಸನಿಗೆ ಆಗುತ್ತಿದ್ದದ್ದು ಅದು. ಕಾವ್ಯದ ನಾಯಿಕೆಯ ‘ಮಾನ’ವಂತೂ ಬರೀ ಪ್ರಿಯನ ಮೇಲಿನ ಮುನಿಸು.

ಕನ್ನಡದ ಆಡುಮಾತಿಗೆ ಬನ್ನಿ. ಸಾಲ ಎತ್ತಿ ತಲೆಮರೆಸಿಕೊಂಡವನು ಮಾನಗೆಟ್ಟವನು. ಕುಡಿದು ಬೀದಿಯಲ್ಲಿ ಬಿದ್ದವನು ಮನೆಯ ಮಾನ ಕಳೆದ. ಲಂಚ ತಿಂದು ಸಿಕ್ಕಿಬಿದ್ದವನ ಮಾನ ಹರಾಜಾಯಿತು. ‘ಮಾನ ಮರ್ಯಾದೆ ಇದೆಯೇನೋ ನಿನಗೆ?’ ಎಂದು ಬೈಯುವುದೂ ತಪ್ಪು ಮಾಡಿದವನನ್ನೇ. ಎಲ್ಲ ಕಡೆಯೂ ಕೆಟ್ಟದ್ದು ಮಾಡಿದವನ ಮಾನ ಹೋಗುತ್ತದೆ. ಕಳ್ಳತನವಾದ ಮನೆಯ ಯಜಮಾನನ ಮಾನ ಹೋಯಿತು ಎಂದು ಯಾರೂ ಹೇಳುವುದಿಲ್ಲ, ಚಾಕುವಿನ ಇರಿತಕ್ಕೆ ಒಳಗಾದವನ ಬಗ್ಗೆಯೂ ಹೇಳುವುದಿಲ್ಲ. ಲೈಂಗಿಕ ಹಲ್ಲೆಯೊಂದರಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಕೃತ್ಯ ಅವನದು, ಹೋದದ್ದು ಅವಳ ಮಾನ. ಅದೂ ಹೆಣ್ಣಾದರೆ ಮಾತ್ರ. ಪೋಕ್ಸೋ ಕಾಯ್ದೆ 2012ರಿಂದಲೂ ಗಂಡುಮಕ್ಕಳಿಗೂ ಸಮನಾಗಿ ಅನ್ವಯಿಸುತ್ತದೆ, ಆದರೂ ‘ಬಾಲಕನ ಮಾನಭಂಗ’ ಎಂಬ ತಲೆಬರಹ ಕಾಣಸಿಗದು.

ಅರ್ಥ ಹೊರಳಿದ ಜಾಗ ಯಾವುದೆಂದು ಹುಡುಕಿದರೆ ‘ಮಾನ ಮುಚ್ಚುವಷ್ಟು ಬಟ್ಟೆ’ ಎಂಬ ಮಾತು ಸಿಗುತ್ತದೆ. ಇಲ್ಲಿ ಮಾನ ಎಂದರೆ ಮೈಯ ಮರೆಯ ಭಾಗ. ಮನೆತನದ ಗೌರವವನ್ನು ಹೆಣ್ಣಿನ ಮೈಯಲ್ಲಿ ಇಟ್ಟು ಕಾವಲು ಕೂತವರ ಮಾತು ಅದು. ಅದರ ಮೇಲೆ ‘ಭಂಗ’ ಸೇರಿತು. ವ್ರತಭಂಗ, ತಪೋಭಂಗಗಳಂತೆ, ಒಮ್ಮೆ ಮುರಿದರೆ ಮುಗಿಯಿತು ಎಂಬ ಧ್ವನಿ. ಹಳ್ಳಿಯ ಮಾತಿನ ‘ಕೆಡಿಸಿದ’, ‘ಹಾಳು ಮಾಡಿದ’ ಎಂಬುವೂ ಇದೇ ಜಾತಿಯವು. ಹುಡುಗಿ ಹಾಲೂ ಅಲ್ಲ, ಮಡಕೆಯೂ ಅಲ್ಲ. ಕೈ ಮುರಿದವರಿಗೆ ಚಿಕಿತ್ಸೆ ಕೊಡಿಸುತ್ತೇವೆ, ಕೆಟ್ಟುಹೋದರು ಎನ್ನುವುದಿಲ್ಲ.

ಈ ಪದ ಬರೀ ಬಾಯಲ್ಲಿ ಉಳಿದಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ‘ದೂರು ಕೊಟ್ಟರೆ ಮಾನ ಹೋಗುತ್ತೆ’ ಎಂದು ಮನೆಯವರೇ ತಡೆಯುತ್ತಾರೆ. ‘ಮಾನ ಉಳಿಯಲಿ’ ಎಂದು ಊರ ಹಿರಿಯರು ಅದೇ ಗಂಡಸಿಗೆ ಮದುವೆ ಮಾಡಿಸುವ ಮಾತೆತ್ತುತ್ತಾರೆ. ಅತ್ಯಾಚಾರ ರಾಜಿಗೆ ಬರುವ ಅಪರಾಧವಲ್ಲ. ಮದುವೆಯ ಮಾತು ಸೇರಿದಂತೆ ಯಾವ ರಾಜಿಯನ್ನೂ ಯೋಚಿಸಲೇಬಾರದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ನೇರವಾಗಿ ಹೇಳಿದೆ. ಮಾನ ಹೋದವಳು ಹೇಗಿರಬೇಕು ಎಂಬ ನಿರೀಕ್ಷೆ ನ್ಯಾಯಪೀಠದವರೆಗೂ ಏರುತ್ತದೆ. 2020ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಕೃತ್ಯದ ನಂತರ ದಣಿದು ನಿದ್ದೆ ಹೋದೆ ಎಂಬ ದೂರುದಾರೆಯ ಮಾತನ್ನು ಹಿಡಿದು, ಅದು ಭಾರತೀಯ ಮಹಿಳೆಗೆ ತಕ್ಕುದಲ್ಲ, ನಮ್ಮ ಹೆಂಗಸರು ಹಾಗೆ ವರ್ತಿಸುವುದಿಲ್ಲ ಎಂಬ ಸಾಲುಗಳಿದ್ದವು. ಟೀಕೆ ಬಂದ ಮೇಲೆ ಸರ್ಕಾರವೇ ಅರ್ಜಿ ಹಾಕಿತು, ಸಾಲುಗಳನ್ನು ಆದೇಶದಿಂದ ತೆಗೆಯಲಾಯಿತು. ಆಘಾತಕ್ಕೆ ಸಿಕ್ಕ ಮೈ ನಿದ್ದೆ ಹೋಗಬಹುದು, ಮರಗಟ್ಟಬಹುದು, ನಗಲೂಬಹುದು. ಅದರಿಂದ ಒಪ್ಪಿಗೆಯನ್ನು ಅಳೆಯಲು ಬಾರದು.

ಈಗ ಕಾನೂನು. 1860ರ ಭಾರತ ದಂಡ ಸಂಹಿತೆಯ 354ನೇ ಕಲಮಿನಲ್ಲಿ ಹೆಣ್ಣಿನ ಲಜ್ಜೆ, ಸಭ್ಯತೆ ಎಂಬ ಅರ್ಥದ ಇಂಗ್ಲಿಷಿನ ‘ಮಾಡೆಸ್ಟಿ’ ಇತ್ತು. ನಮ್ಮಲ್ಲಿ ಅದನ್ನು ಮಾನಭಂಗ ಎಂದು ಬರೆಯುವುದು ರೂಢಿಯಾಯಿತು. ಮಾಡೆಸ್ಟಿ ಎಂದರೇನು ಎಂದು ಸಂಹಿತೆಯಲ್ಲಿ ಎಲ್ಲೂ ವಿವರಿಸಿಲ್ಲ. ಇದರ ಪರಿಣಾಮ 1966ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪಂಜಾಬಿನ ಪ್ರಕರಣದಲ್ಲಿ ಕಾಣುತ್ತದೆ. ಹಲ್ಲೆಗೆ ಒಳಗಾದದ್ದು ಏಳೂವರೆ ತಿಂಗಳ ಹಸುಗೂಸು. ಮಗುವಿಗೆ ಇನ್ನೂ ಮಾನದ ಅರಿವೇ ಇಲ್ಲದಿರುವಾಗ ಭಂಗವಾಗುವುದು ಹೇಗೆ ಎಂಬ ವಾದ ಹೈಕೋರ್ಟಿನಲ್ಲಿ ಗೆದ್ದಿತ್ತು. ಸುಪ್ರೀಂ ಕೋರ್ಟಿನ ಮೂವರಲ್ಲಿ ಇಬ್ಬರು ಅದನ್ನು ತಳ್ಳಿಹಾಕಿದರು, ಒಬ್ಬರು ಆಗಲೂ ಒಪ್ಪಲಿಲ್ಲ. ಹಲ್ಲೆಯನ್ನು ಹಲ್ಲೆ ಎಂದಿದ್ದರೆ ಕೂಸಿನ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

2021ರ ಜನವರಿಯಲ್ಲಿ ಇದೇ ಪದ ಮತ್ತೆ ಕಾಲು ತೊಡರಿಸಿತು. 12 ವರ್ಷದ ಬಾಲಕಿಯ ಎದೆಯನ್ನು ಬಟ್ಟೆಯ ಮೇಲಿಂದ ಹಿಸುಕಿದ್ದು ಪೋಕ್ಸೋ ಪ್ರಕಾರ ಲೈಂಗಿಕ ಹಲ್ಲೆಯಲ್ಲ, ಬರೀ 354 ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿತು. ಪೋಕ್ಸೋದ 8ನೇ ಕಲಮಿನಲ್ಲಿ ಕನಿಷ್ಠ ಶಿಕ್ಷೆ 3 ವರ್ಷ, 354ರಲ್ಲಿ 1 ವರ್ಷ. ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಮಾಡಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 354 ಹೋಗಿ 74 ಆಯಿತು, ಮಾಡೆಸ್ಟಿ ಹಾಗೆಯೇ ಕೂತಿದೆ. ಶಿಕ್ಷೆ 1ರಿಂದ 5 ವರ್ಷ. ಅತ್ಯಾಚಾರಕ್ಕೆ 64ನೇ ಕಲಮಿನಲ್ಲಿ ಕನಿಷ್ಠ 10 ವರ್ಷ, ಹೆಚ್ಚೆಂದರೆ ಜೀವಾವಧಿ. ತಲೆಬರಹದಲ್ಲಿ ಒಂದರ ಬದಲು ಇನ್ನೊಂದನ್ನು ಬರೆಯುವವರು ಈ ಅಂತರವನ್ನು ಒಮ್ಮೆ ನೋಡಿಕೊಳ್ಳಬೇಕು.

ಹಾಗಾದರೆ ಯಾವ ಪದ? ‘ಅತ್ಯಾಚಾರ’ ಎಂದರೆ ಅತಿ ಆಚಾರ, ಎಲ್ಲೆ ಮೀರಿದ ನಡತೆ. ಹಿಂದಿಯಲ್ಲಿ ಅದು ಈಗಲೂ ಎಲ್ಲ ಬಗೆಯ ದಬ್ಬಾಳಿಕೆಗೂ ಸಲ್ಲುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ ಹಿಂದಿ ಹೆಸರಿನಲ್ಲಿ ‘ಅತ್ಯಾಚಾರ್’ ಇದೆ. ಹಿಂದಿಯಿಂದ ಕಣ್ಣುಮುಚ್ಚಿ ಅನುವಾದಿಸುವವರು ಅದನ್ನು ಕನ್ನಡದಲ್ಲೂ ಹಾಗೇ ಇಳಿಸಿ ಅರ್ಥ ಕೆಡಿಸುತ್ತಾರೆ. ಕನ್ನಡ, ತೆಲುಗುಗಳಲ್ಲಿ ಪದ ಕಿರಿದಾಗಿ ಒಂದೇ ಅಪರಾಧಕ್ಕೆ ನಿಂತಿದೆ, ನಿಲ್ಲಲಿ. ಅದು ಬೊಟ್ಟು ಮಾಡುವುದು ಮಾಡಿದವನ ನಡತೆಯನ್ನು. ‘ಬಲಾತ್ಕಾರ’ ಅಷ್ಟು ಸರಿಹೊಂದದು. ಬಲ ಹಾಕಿದ ಗುರುತು ಎಲ್ಲಿ, ಕಿರುಚಿದಳೇ, ಪರಚಿದಳೇ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಕಾನೂನು ಕೇಳುವುದು ಸಮ್ಮತಿ ಇತ್ತೇ ಎಂದು. 2013ರ ತಿದ್ದುಪಡಿಯ ಪ್ರಕಾರ, ಮೈಯಿಂದ ಪ್ರತಿರೋಧ ಒಡ್ಡಲಿಲ್ಲ ಎಂಬ ಒಂದೇ ಕಾರಣಕ್ಕೆ ಸಮ್ಮತಿ ಇತ್ತೆಂದು ತಿಳಿಯುವಂತಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬ ಗಾದೆಯನ್ನು ಇಲ್ಲಿಗೆ ಎಳೆದು ತರಬೇಡಿ. ಭಾಷೆ ಬದಲಾಗದು ಎನ್ನುವವರು ತಮಿಳನ್ನು ನೋಡಲಿ. ಶೀಲ ಅಳಿಸುವುದು ಎಂಬ ಅರ್ಥದ ‘ಕರ್ಪಳಿಪ್ಪು’ ಬದಲು ‘ಪಾಲಿಯಲ್ ವನ್‌ಕೊಡುಮೈ’, ಅಂದರೆ ಲೈಂಗಿಕ ಕ್ರೌರ್ಯ, ಅಲ್ಲಿ ಬಳಕೆಗೆ ಬಂದಿದೆ. ನೊಂದವರಿಗೆ ನಮ್ಮಲ್ಲಿರುವ ‘ಸಂತ್ರಸ್ತೆ’ ಒಳ್ಳೆಯ ಪದವೇ. ತ್ರಸ್ತ ಎಂದರೆ ಹೆದರಿದ, ಸಂಕಟಕ್ಕೆ ಸಿಕ್ಕ. ನೆರೆ ಸಂತ್ರಸ್ತರು ಎನ್ನುವಾಗ ಯಾರ ಮಾನವೂ ಹೋಗುವುದಿಲ್ಲ.

ದೂರು ಬರೆಯುವವರಿಗೆ ಇದು ನೇರ ಬಳಕೆಗೆ ಬರುತ್ತದೆ. ‘ನನ್ನ ಮಗಳನ್ನು ಕೆಡಿಸಿದ್ದಾನೆ’, ‘ಮಾನಭಂಗ ಮಾಡಿದ್ದಾನೆ’ ಎಂದಷ್ಟೇ ಬರೆದರೆ ನಡೆದದ್ದು ಏನೆಂದು ಅದರಲ್ಲಿ ಇಲ್ಲ, 74ಕ್ಕೇ ನಿಲ್ಲಿಸಲು ದಾರಿ ಮಾಡಿಕೊಟ್ಟಂತೆ. ಅತ್ಯಾಚಾರ ಎಂದರೇನೆಂದು ಹೇಳುವ ನ್ಯಾಯ ಸಂಹಿತೆಯ 63ನೇ ಕಲಂ ಬರೀ ಸಂಭೋಗಕ್ಕೆ ಸೀಮಿತವಲ್ಲ, ಬೆರಳು, ಬಾಯಿ, ಯಾವುದೇ ವಸ್ತು ಬಳಸಿದ್ದೂ ಅದರಲ್ಲಿ ಬರುತ್ತದೆ. ಆದ್ದರಿಂದ ಏನು ಮಾಡಿದ, ಯಾವುದರಿಂದ, ಎಲ್ಲಿಗೆ, ಯಾವಾಗ, ಅವಳು ಏನೆಂದಳು ಎಂಬುದನ್ನು ಅವಳ ಮಾತಿನಲ್ಲೇ, ಎಷ್ಟೇ ಮುಜುಗರವಾದರೂ, ಬರೆಸಬೇಕು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ವ್ಯಾಪ್ತಿಯಲ್ಲ ಎಂದು ಹಿಂದೆ ಕಳಿಸುವಂತಿಲ್ಲ. ಬರೆದುಕೊಳ್ಳಬೇಕಾದವರು ಮಹಿಳಾ ಅಧಿಕಾರಿ. ಬರೆದುಕೊಂಡದ್ದನ್ನು ಓದಿ ಹೇಳುವುದು ಕಡ್ಡಾಯ. ಓದುವಾಗ ಅವಳ ಮಾತುಗಳ ಜಾಗದಲ್ಲಿ ‘ಮಾನಭಂಗ’ ಎಂಬ ಒಂದೇ ಪದ ಕೇಳಿಸಿದರೆ ಅಲ್ಲೇ ತಿದ್ದಿಸಿ, ಆಮೇಲೆ ಸಹಿ ಹಾಕಿ, ಪ್ರತಿ ಪಡೆದುಕೊಂಡು ಹೊರಡಿ. ಪ್ರತಿಗೆ ದುಡ್ಡಿಲ್ಲ.